ರಾಡಿ ಹೊಲಕ್ಕೆ ಪಿಕಪ್‌ಗೆ ಇನ್ನೊಂದು ಸೆಟ್ ಗಾಲಿ: ಟೈರ್ ಅಣ್ಣನಿಗೆ ಕೇಳಿ

ನವಲಗುಂದ ಪಿಕಪ್: ಅಣ್ಣಾರೆ, ನಮಸ್ಕಾರ. ಎರೆ ಹೊಲದ ರಾಡಿಗೆ ಅಂತ ದಪ್ಪ ಹಲ್ಲಿನ ಟೈರ್ ಇರೋ ನಾಲ್ಕು ಡಿಸ್ಕ್ (ಟೈರ್ ಕೂರುವ ಕಬ್ಬಿಣದ ಚಕ್ರ) ಗುಜರಿಯಿಂದ ತಂದು ಕೂಡಿಸಿದೆ. ಬೇರೆ ಗಾಡಿಯವು, ಆದರೆ ತೂತು ಸರಿ ಕೂತವು. ಈಗ 50 ದಾಟಿದರೆ ಗಾಡಿ ನಡುಗುತ್ತದೆ, ಎಡಗಡೆ ಹಿಂದಿನ ಗಾಲಿ ಟಕ್ ಟಕ್ ಅನ್ನುತ್ತದೆ. ನಾಳೆ ಹುಬ್ಬಳ್ಳಿ ಎಪಿಎಂಸಿಗೆ ಉಳ್ಳಾಗಡ್ಡಿ ಒಯ್ಯಬೇಕು. ಬ್ಯಾಲೆನ್ಸಿಂಗ್ ಮಾಡಿಸಿದರೆ ಸಾಕಾ?

ಟೈರ್ ಅಣ್ಣ: ಬ್ಯಾಲೆನ್ಸಿಂಗ್ ಬಿಡಿ. ಆ ಗಾಲಿಯ ನಟ್ ಎಷ್ಟು ಸುತ್ತು ಹಿಡಿದಿದೆ? ನಟ್ ಸುತ್ತ ಕಂದು ಪುಡಿ ಇದೆಯಾ? ನೋಡಿ ಹೇಳಿ. ಅಲ್ಲಿವರೆಗೂ ಗಾಡಿ ಹೊರಗೆ ತೆಗೆಯಬೇಡಿ.

ಮುಂಡರಗಿ ಹುಡುಗ: ಅಣ್ಣಾ, ರಾಡಿಗೆ ಯಾವ ಕಂಪನಿ ಟೈರ್ ಒಳ್ಳೇದು?

ಬ್ಯಾಡಗಿ ಮೆಣಸಿನಕಾಯಿ: ಪಿಕಪ್‌ಗೆ ಗಾಳಿ ಎಷ್ಟು ಹಾಕಬೇಕು ಸರ್?

ಟೈರ್ ಅಣ್ಣ: ಗಾಡಿ ಪುಸ್ತಕದಲ್ಲಿ ಬರೆದಿದೆ. ಖಾಲಿಗೆ ಬೇರೆ, ಲೋಡ್‌ಗೆ ಬೇರೆ.

ಹಾವೇರಿ ಅಕ್ಕ: ನನ್ನ ತಮ್ಮ ಕೆನಡಾದಲ್ಲಿ ಪಿಕಪ್ ತಗೊಂಡಿದ್ದಾನೆ. ಅಲ್ಲಿ ಎಲ್ಲರೂ ಚಳಿಗಾಲಕ್ಕೆ ಬೇರೆ ಗಾಲಿ ಹಾಕ್ತಾರಂತೆ. ಇವನು ಫೋರ್ ವೀಲ್ ಡ್ರೈವ್ ಇದೆ, ಬೇಡ ಅಂತಾನೆ. ಹೌದಾ?

ಟೈರ್ ಅಣ್ಣ: ಫೋರ್ ವೀಲ್ ಡ್ರೈವ್ ಗಾಡಿ ಮುಂದೆ ಹೋಗೋಕೆ ಅಕ್ಕಾರೆ, ನಿಲ್ಲೋಕಲ್ಲ. ಸುಮಾರು 7 ಡಿಗ್ರಿಗಿಂತ ಕೆಳಗೆ ನಮ್ಮ ಕಡೆ ಹಾಕುವಂಥ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಚಳಿಗಾಲದ್ದು ಮೆತ್ತಗೇ ಇರುತ್ತದೆ. ಟೈರಿನ ಮೇಲೆ ಬೆಟ್ಟದೊಳಗೆ ಹಿಮದ ಹೂವಿನ ಗುರುತು ಇರಬೇಕು. ಎರಡಲ್ಲ, ನಾಲ್ಕೂ ಹಾಕಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿದ್ದರೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾಯ್ದೆಯೇ ಇದೆ. ಅವನ ಮಾತು ಕೇಳಬೇಡಿ.

ಲಕ್ಷ್ಮೇಶ್ವರ ಡ್ರೈವರ್: ಫಾರ್ವರ್ಡ್ ಬಂದಿದೆ ನೋಡಿ: "ನಟ್‌ಗೆ ಗ್ರೀಸ್, ಟೈರ್‌ಗೆ ಡೀಸೆಲ್ ಹಚ್ಚಿ, 10 ವರ್ಷ ಗ್ಯಾರಂಟಿ." 🙏

ಟೈರ್ ಅಣ್ಣ: ಡೀಸೆಲ್ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ನಟ್ ಕೂರುವ ಜಾಗಕ್ಕೆ ಗ್ರೀಸ್ ಹಚ್ಚಿದರೆ ಅದೇ ಜೋರಿಗೆ ಸ್ಟಡ್ (ನಟ್ ಕೂರುವ ಬೋಲ್ಟ್) ಜಾಸ್ತಿ ಜಗ್ಗಿ ಒಂದು ದಿನ ಕಟ್. ಇಂಥದ್ದು ಇನ್ನೊಮ್ಮೆ ಹಾಕಬೇಡಿ.

ಲಕ್ಷ್ಮೇಶ್ವರ ಡ್ರೈವರ್: ನಮ್ಮಪ್ಪ 30 ವರ್ಷ ಗ್ರೀಸ್ ಹಚ್ಚಿ, ಪಾನಾ ಮೇಲೆ ನಿಂತು ಟೈಟ್ ಮಾಡಿದ್ದಾರೆ. ಏನೂ ಆಗಿಲ್ಲ.

ಕುಂದಗೋಳ ಗ್ಯಾರೇಜ್: ಪಾನಾ ಮೇಲೆ ಕುಣಿಯೋ ಕಾಲ ಹೋಯಿತು. ನಟ್ ಬಿಗಿಯೋ ಗನ್ ಹಿಡಿದರೆ ಎರಡು ನಿಮಿಷ.

ಲಕ್ಷ್ಮೇಶ್ವರ ಡ್ರೈವರ್: ನೀವು ಗನ್ ಹಿಡಿದ ನಟ್ ಬಿಚ್ಚೋಕೆ ನಾನು ಮೂರು ತಾಸು ರಸ್ತೆ ಮೇಲೆ ಕೂತಿದ್ದೆ.

ಕುಂದಗೋಳ ಗ್ಯಾರೇಜ್: ನಿಮ್ಮಪ್ಪನ ಲಾರಿ ಕೆರೆ ಏರಿ ಮೇಲೆ ಗಾಲಿ ಕಳಚಿ ನಿಂತಿದ್ದು ನಾವೇನು ನೋಡಿಲ್ವಾ?

ಲಕ್ಷ್ಮೇಶ್ವರ ಡ್ರೈವರ್: ಅಪ್ಪನ ವಿಷಯಕ್ಕೆ ಬರಬೇಡಿ.

ಗದಗ ಹಾಲಿನ ಗಾಡಿ: ಹಳೆ ಟೈರ್ ಯಾವ ವರ್ಷದ್ದು ಅಂತ ಹೇಗೆ ಗೊತ್ತಾಗುತ್ತದೆ?

ಟೈರ್ ಅಣ್ಣ: ಪಕ್ಕದಲ್ಲಿ ನಾಲ್ಕು ಅಂಕಿ. 2319 ಅಂದರೆ 2019ರ 23ನೇ ವಾರ.

ನವಲಗುಂದ ಪಿಕಪ್: ನೋಡಿದೆ. ನಟ್ ನಾಲ್ಕೇ ಸುತ್ತು ಹಿಡಿದಿವೆ. ಕಂದು ಪುಡಿ ಇದೆ. ಒಂದು ಸ್ಟಡ್ ತುಂಡಾಗಿದೆ. 😟

ಟೈರ್ ಅಣ್ಣ: ಇದೇ ಹೆದರಿಕೆ ಇತ್ತು. ತೂತು ಕೂತರೆ ಡಿಸ್ಕ್ ಕೂತಂತಲ್ಲ. ಸ್ಟಡ್ 12 ಮಿ.ಮೀ. ದಪ್ಪ ಇದ್ದರೆ ನಟ್ ಕಡಿಮೆ ಅಂದರೂ ಅಷ್ಟು ಉದ್ದ ಹಿಡಿಯಬೇಕು. ಸುತ್ತಿಗೆ 1.5 ಮಿ.ಮೀ. ಸರಿಯುವ ಥ್ರೆಡ್‌ಗೆ ಎಂಟು ಸುತ್ತು. ನಿಮ್ಮದು ಅರ್ಧ. ನಟ್‌ನ ಮೂತಿಯನ್ನೂ ನೋಡಿ. ಚೂಪು ಮೂತಿಯ ನಟ್ ದುಂಡು ಕುಳಿಯ ಡಿಸ್ಕ್‌ಗೆ ಹಾಕಿದರೆ ಬಳೆಯಷ್ಟು ಗೆರೆ ಮಾತ್ರ ತಾಗುತ್ತದೆ. ಎಷ್ಟು ಬಿಗಿದರೂ ಸಡಿಲ. ಆ ಕಂದು ಪುಡಿ ಅಂದರೆ ಡಿಸ್ಕ್ ಒಳಗೇ ಅಲುಗಾಡಿ ಕಬ್ಬಿಣ ಸವೆದಿದೆ. ಒಂದು ಸ್ಟಡ್ ಹೋದ ಮೇಲೆ ಉಳಿದವು ಅದರ ಭಾರ ಹೊತ್ತು ದಣಿದಿವೆ. ಆ ಗಾಲಿಯ ಎಲ್ಲ ಸ್ಟಡ್ ಬದಲಾಯಿಸಿ. ಡಿಸ್ಕ್ ತೂತು ಮೊಟ್ಟೆ ಆಕಾರ ಆಗಿದ್ದರೆ ವೆಲ್ಡಿಂಗ್ ಮಾಡಿಸದೆ ಗುಜರಿಗೇ ವಾಪಸ್ ಕೊಡಿ. ಹಳೆ ಗಾಲಿ ಹಾಕುವಾಗ ಹಬ್ (ಡಿಸ್ಕ್ ಕೂರುವ ಜಾಗ) ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ, ನಟ್ ಎದುರುಬದುರು ಬಿಗಿಯಿರಿ. ಕೊನೇ ಬಿಗಿತ ಗಾಲಿ ನೆಲಕ್ಕೆ ತಾಗಿದ ಮೇಲೆ, ಬಿಗಿತ ಅಳೆಯುವ ಟಾರ್ಕ್ ಪಾನಾದಲ್ಲಿ. 50ರಿಂದ 100 ಕಿ.ಮೀ. ಓಡಿಸಿ ಮತ್ತೆ ನೋಡಿ.

ಬ್ಯಾಡಗಿ ಮೆಣಸಿನಕಾಯಿ: ಗಾಳಿ ಎಷ್ಟು ಅಂತ ನಂಬರ್ ಹೇಳಲೇ ಇಲ್ಲ.

ಟೈರ್ ಅಣ್ಣ: ಪುಸ್ತಕ ಓದಿ ಅಂದೆನಲ್ಲ.

ನವಲಗುಂದ ಪಿಕಪ್: ಹಾಗಾದರೆ ಮೆಲ್ಲಗೆ, 20ರಲ್ಲಿ ನಿಮ್ಮ ಅಂಗಡಿತನಕ ಬರಲಾ?

ಟೈರ್ ಅಣ್ಣ: ಬೇಡ. ಗಾಡಿ ಅಲ್ಲೇ ಇರಲಿ. ಗುಜರಿಯ ಡಿಸ್ಕ್ ಒಂದು, ಗಾಡಿಯ ಹಳೇದೊಂದು, ಎರಡು ನಟ್ ಚೀಲದಲ್ಲಿ ಹಾಕಿಕೊಂಡು ಬಸ್ಸಿಗೆ ಬನ್ನಿ. ಉಳ್ಳಾಗಡ್ಡಿಗೆ ಬೇರೆ ಗಾಡಿ ಹೇಳಿ.

ಮುಂಡರಗಿ ಹುಡುಗ: ಅಣ್ಣಾ, ಕಂಪನಿ?