ಪ್ರಾದೇಶಿಕ ಸೇನೆಯ (ಟಿಎ) ಕರೆ ಬಂದಿದೆ, ಮಾಲೀಕರು ರಾಜೀನಾಮೆ ಕೇಳುತ್ತಿದ್ದಾರೆ

ಪ್ರಶ್ನೆ (ಬೈಲಹೊಂಗಲ)

ನನ್ನ ಯಜಮಾನರು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ಮಾಡುತ್ತಾರೆ. ಉದ್ಯೋಗದ ಜೊತೆಗೇ ಸೇವೆ ಮಾಡುವ ಪ್ರಾದೇಶಿಕ ಸೇನೆಯ ಜವಾನರೂ ಹೌದು. ವರ್ಷಕ್ಕೆ ಎರಡು ತಿಂಗಳ ತರಬೇತಿಗೆ ಮಾಲೀಕರು ಗೊಣಗುತ್ತಲೇ ಬಿಡುತ್ತಿದ್ದರು. ಈಗ ಪೂರ್ಣಾವಧಿ ಸೇವೆಗೆ ಕರೆ ಬಂದಿದೆ, ಕಾಶ್ಮೀರದ ಕಡೆಗಂತೆ. "ಜಾಗ ಖಾಲಿ ಇಟ್ಟುಕೊಂಡು ಕೂರಲಾಗದು, ರಾಜೀನಾಮೆ ಬರೆದುಕೊಟ್ಟು ಹೋಗು" ಎಂದು ಮಾಲೀಕರು ಬಿಳಿ ಹಾಳೆಯನ್ನೇ ಮುಂದಿಟ್ಟರು. ಅವರು ಸೇವೆಗೆ ಹೋಗುವುದು ನನಗೆ ಹೆಮ್ಮೆಯೇ. ಆದರೆ ಸೊಸೈಟಿಯ ಸಾಲವಿದೆ, ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಮರಳಿ ಬಂದ ಮೇಲೆ ಅವರ ಕೆಲಸದ ಗತಿಯೇನು? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಮಾಜಿ ಟಿಎ ಹವಾಲ್ದಾರ, ಬೆಳಗಾವಿ)

ತಂಗಿ, ಆ ಹಾಳೆಗೆ ಸಹಿ ಬೀಳಬಾರದು. 1948ರ ಪ್ರಾದೇಶಿಕ ಸೇನಾ ಕಾಯ್ದೆಯ 7ಎ ಕಲಂ ಪ್ರಕಾರ, ಸೇವೆಗೆ ಕರೆ ಬಂದ ನೌಕರನಿಗೆ ರಜೆ ಕೊಡುವುದೂ, ಸೇವೆ ಮುಗಿದ ಮೇಲೆ ಮೊದಲಿಗಿಂತ ಕಡಿಮೆಯಾಗದ ಷರತ್ತುಗಳ ಮೇಲೆ ಮರಳಿ ತೆಗೆದುಕೊಳ್ಳುವುದೂ ಮಾಲೀಕರ ಕರ್ತವ್ಯ. ಖಾಸಗಿ ಕಾರ್ಖಾನೆಯೆಂದು ವಿನಾಯಿತಿಯಿಲ್ಲ. ನಿರಾಕರಿಸಿದರೆ ನಿಗದಿತ ಪ್ರಾಧಿಕಾರದ ಮುಂದೆ ದೂರು ಕೊಡಬಹುದು. ಆದರೆ ಅಲ್ಲಿ ಸಿಗುವ ಪರಿಹಾರದ ಹಣ ಆರು ತಿಂಗಳ ಸಂಬಳವನ್ನು ಮೀರದು. ಎರಡು ವರ್ಷ ಗಡಿ ಕಾಯ್ದು ಬಂದವನಿಗೆ ಇದು ಯಾವ ಲೆಕ್ಕ ಎಂದು ನನಗೆ ಈಗಲೂ ಸಿಟ್ಟಿದೆ. ಅದಕ್ಕೇ ಹೇಳುತ್ತಿರುವುದು, ಜಗಳಕ್ಕೆ ಮೊದಲು ಕಾಗದ ಗಟ್ಟಿ ಮಾಡಿಕೊಳ್ಳಿ. ಕರೆಯ ಆದೇಶದ ಪ್ರತಿ ಲಗತ್ತಿಸಿ ರಜೆ ಅರ್ಜಿ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ರಾಜೀನಾಮೆ ಅವರ ಕೈಯಲ್ಲಿದ್ದರೆ "ತಾನಾಗಿಯೇ ಬಿಟ್ಟು ಹೋದ" ಎನ್ನುತ್ತಾರೆ. ಪಲ್ಟನ್ನಿನ ಅಧಿಕಾರಿಗೂ ತಿಳಿಸಿ, ಅವರ ಕಡೆಯಿಂದ ಒಂದು ಪತ್ರ ಹೋದರೆ ಮಾಲೀಕರ ದನಿ ಬದಲಾಗುತ್ತದೆ.

ಪಿಂಚಣಿ ನೆಚ್ಚಿಕೊಂಡು ಕೆಲಸ ಬಿಡುವುದಂತೂ ಬೇಡ. ಜವಾನರಿಗೆ ಅದು ಸಿಗಬೇಕಾದರೆ ಹೀಗೆ ಕರೆಸಿಕೊಂಡ ಸೇವೆಯೇ ಒಟ್ಟು 15 ವರ್ಷ ಆಗಬೇಕು. ಮನೆಯಲ್ಲಿದ್ದ ವರ್ಷಗಳು ಲೆಕ್ಕಕ್ಕಿಲ್ಲ.

ಉತ್ತರ 2 (ಜಮಖಂಡಿ)

ಅಕ್ಕಾ, ನಮ್ಮವರೂ ಟಿಎಯಲ್ಲಿದ್ದಾರೆ. ಕಾಯ್ದೆಯ ಮಾತು ಅಣ್ಣ ಹೇಳಿದ್ದಾರೆ, ನಾನು ಮನೆಯ ಮಾತು ಹೇಳುತ್ತೇನೆ. ಅವರ ಸಿಮ್ ಪ್ರಿಪೇಯ್ಡ್ ಆಗಿದ್ದರೆ ಹೊರಡುವ ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ನಮ್ಮವರ ನಂಬರ್ ಅಲ್ಲಿಗೆ ಹೋಗಿ ಸತ್ತಿತು. ಬ್ಯಾಂಕಿನ ಒಟಿಪಿ ಬರುವುದೂ ಅದೇ ನಂಬರಿಗೆ. ದುಡ್ಡು ಖಾತೆಯಲ್ಲಿದ್ದರೂ ಮಗನ ಫೀಸಿಗೆ ನಾನು ತವರಿನಲ್ಲಿ ಕೈಯೊಡ್ಡಬೇಕಾಯಿತು. ಖಾತೆಗೆ ನಿಮ್ಮ ಹೆಸರನ್ನೂ ಸೇರಿಸಿಕೊಳ್ಳಿ. ಮಗಳ ಪರೀಕ್ಷೆಯ ದಿನಾಂಕ ಬಂದ ಕೂಡಲೇ ಅವರಿಗೆ ತಿಳಿಸಿ, ರಜೆಗೆ ಮುಂಚಿತವಾಗಿಯೇ ಅರ್ಜಿ ಹಾಕಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೈಮುಗಿಯುತ್ತೇನೆ. ಸಹಿ ಹಾಕಿಲ್ಲ. ಅರ್ಜಿಯನ್ನು ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ, ಅವಳ ಅಕ್ಷರ ಚೆನ್ನಾಗಿದೆ. ಅಣ್ಣಾ, ಆದೇಶ ಇಂಗ್ಲಿಷಿನಲ್ಲಿದೆ, ಅರ್ಜಿ ಕನ್ನಡದಲ್ಲಿದ್ದರೆ ನಡೆಯುತ್ತದೆಯೇ?

ಉತ್ತರ 1

ಧಾರಾಳವಾಗಿ ನಡೆಯುತ್ತದೆ. 7ಎ ಕಲಮಿನ ಹೆಸರು ಮಾತ್ರ ಮೊದಲ ಸಾಲಿನಲ್ಲೇ ಬರಲಿ.