1911 ಪಿಸ್ತೂಲಿಗೆ ಅಲ್ಯುಮಿನಿಯಂ ಫ್ರೇಮ್ ಹಾಕಿದ ಮೇಲೆ ಗುಂಡು ಸಿಕ್ಕಿಕೊಳ್ತಿದೆ, ಸಹಾಯ ಬೇಕು

ಅಮೆರಿಕದಲ್ಲಿರುವ 1911 ಬಲ್ಲವರು ದಯವಿಟ್ಟು ನೋಡಿ. 5 ಇಂಚಿನ ಬ್ಯಾರೆಲ್, .45 ಎಸಿಪಿ ಗುಂಡಿನದು, ಮೊದಲು ಪೂರ್ತಿ ಸ್ಟೀಲಿಂದು. ತೂಕ ಇಳಿಸೋಕೆ ಫ್ರೇಮ್ (ಹಿಡಿಕೆ ಇರೋ ಕೆಳಭಾಗ) ಮಾತ್ರ ಅಲ್ಯುಮಿನಿಯಂಗೆ ಬದಲಾಗಿದೆ. ಸೀರಿಯಲ್ ನಂಬರ್ ಇರೋದೇ ಫ್ರೇಮಿನ ಮೇಲೆ, ಹಾಗಾಗಿ ಖರೀದಿ ಲೈಸೆನ್ಸ್ ಇರೋ ಡೀಲರ್ ಮೂಲಕವೇ ಆಗಿದೆ. ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರೋ ಭಾಗ), ಬ್ಯಾರೆಲ್ ಹಳೆಯವೇ.

ಸ್ಲೈಡ್ ಹಳಿ ಮೇಲೆ ಚೆನ್ನಾಗಿ ಓಡ್ತಿದೆ. ಉರುಟು ಮೂತಿಯ ಗುಂಡು ಸಲೀಸಾಗಿ ಹೋಗುತ್ತೆ. ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿ ಇರೋ ಗುಂಡು) ಮಾತ್ರ ಮೂತಿ ಮೇಲಾಗಿ ಅರ್ಧಕ್ಕೇ ನಿಲ್ಲುತ್ತೆ. ಬಿಚ್ಚಿ ನೋಡಿದ್ರೆ, ಗುಂಡು ಬ್ಯಾರೆಲ್‌ಗೆ ಹತ್ತೋ ಇಳಿಜಾರಾದ ಫೀಡ್ ರ‍್ಯಾಂಪ್ ಮಧ್ಯದಲ್ಲಿ ಕಪ್ಪು ಅನೋಡೈಸಿಂಗ್ (ಅಲ್ಯುಮಿನಿಯಂ ಮೇಲಿನ ಗಟ್ಟಿ ಪದರ) ಎದ್ದು, ಉಗುರಿಗೆ ಸಿಗುವಷ್ಟು ಬೆಳ್ಳನೆ ಗುಳಿ. ಮ್ಯಾಗಝೀನಿನಲ್ಲಿ ಗುಂಡನ್ನ ಮೇಲೆತ್ತೋ ಲೋಹದ ತಟ್ಟೆ, ಅಂದ್ರೆ ಫಾಲೋವರ್‌ನ ಮುಂದಿನ ಅಂಚು ಬಡಿದದ್ದೇ ಇರಬೇಕು.

ಮಾಡಿ ನೋಡಿದ್ದು: ಅಂಚು ದುಂಡಗಿರೋ ಫಾಲೋವರ್‌ನ ಮ್ಯಾಗಝೀನ್, 16 ಪೌಂಡ್ ಬದಲು 18 ಪೌಂಡ್ ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನ ಮುಂದಕ್ಕೆ ತಳ್ಳೋದು). ಫಲ ಇಲ್ಲ. ರ‍್ಯಾಂಪ್ ಉಜ್ಜಿಲ್ಲ, ಗಟ್ಟಿ ಪದರ ಹೋದ್ರೆ ಒಳಗಿನ ಮೆದು ಲೋಹ ಇನ್ನೂ ಬೇಗ ಸವೆಯುತ್ತೆ.

ಗೊಂದಲ ಇರೋದು ಇಲ್ಲೇ. ಬ್ಯಾರೆಲ್ ಹಿಂದಕ್ಕೆ ತಳ್ಳಿದಾಗ ಅದರ ಹಿಂದಿನ ಕೆಳ ಅಂಚಿನ ತುಟಿಗೂ ರ‍್ಯಾಂಪ್‌ಗೂ ಸುಮಾರು 0.8 ಮಿ.ಮೀ. ಸಂದು ಇರಬೇಕು, ಇಲ್ಲಿ 0.4 ಅಷ್ಟೇ. ಬ್ಯಾರೆಲ್ ತುಟಿಯನ್ನ ಸ್ವಲ್ಪ ಮುಂದಕ್ಕೆ ಕೆತ್ತಿಸಿದ್ರೆ ಸಾಕಾ, ಅಥವಾ ಗುಳಿ ಬಿದ್ದ ಮೇಲೆ ರ‍್ಯಾಂಪ್‌ಗೆ ಸ್ಟೀಲ್ ಇನ್ಸರ್ಟ್ ಕೂರಿಸಲೇಬೇಕಾ? ಗನ್‌ಸ್ಮಿತ್ ಹತ್ರ ಮೊದಲು ಯಾವುದನ್ನ ಮಾಡಿಸಬೇಕು?