ಎಚ್‌ಸಿಇಎಸ್ 2022-23: ಕರ್ನಾಟಕದ ತಲಾ ಖರ್ಚು ವರದಿಗಿಂತ ಜಾಸ್ತಿ ಬರ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಸಾಲುಮರ:

ಎಲ್ಲರಿಗೂ ನಮಸ್ಕಾರ. ಎಂ.ಎ. ಪ್ರಾಜೆಕ್ಟ್‌ಗೆ ನಮ್ಮ ರಾಜ್ಯದ ಹಳ್ಳಿ ಮನೆಗಳ ಆದಾಯ ನೋಡಬೇಕಿತ್ತು. 2011ರ ಜನಗಣತಿಯ ಟೇಬಲ್‌ಗಳನ್ನೆಲ್ಲ ಜಾಲಾಡಿದೆ. ಗೋಡೆ, ಚಾವಣಿ, ಟಿವಿ, ಸೈಕಲ್ ಎಲ್ಲ ಇದೆ, ಆದಾಯ ಮಾತ್ರ ಇಲ್ಲ. ಹಾಗಾಗಿ ಮನೆಖರ್ಚಿನ ಸಮೀಕ್ಷೆ ಎಚ್‌ಸಿಇಎಸ್ 2022-23ರ ಯೂನಿಟ್ ಲೆವೆಲ್ ಡೇಟಾ (ಒಂದೊಂದು ಮನೆಯ ಬಿಡಿ ಉತ್ತರಗಳು) ಇಳಿಸಿಕೊಂಡೆ. ಆರ್ (R) ಅನ್ನೋ ತಂತ್ರಾಂಶದಲ್ಲಿ ಕೆಲಸ ಮಾಡುತ್ತಿದ್ದೇನೆ.

ವರದಿಯ ಪ್ರಕಾರ ಕರ್ನಾಟಕದ ಹಳ್ಳಿಗಳಲ್ಲಿ ತಿಂಗಳ ತಲಾ ಖರ್ಚು 4,397 ರೂ., ಪಟ್ಟಣಗಳಲ್ಲಿ 7,666 ರೂ. ನನಗೆ ಎರಡೂ ಕಡೆ ಕೆಲವು ನೂರು ರೂಪಾಯಿ ಜಾಸ್ತಿ ಬರುತ್ತಿದೆ. ಪ್ರತಿ ಮನೆಯ ಖರ್ಚನ್ನು ಆ ಮನೆಯ ಜನರಿಂದ ಭಾಗಿಸಿ, ಆಮೇಲೆ ಮಲ್ಟಿಪ್ಲೈಯರ್ (ಸಮೀಕ್ಷೆಯ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಅನ್ನೋ ಅಂಕಿ) ಹಾಕಿ ಸರಾಸರಿ ತೆಗೆದೆ. ಮಲ್ಟಿಪ್ಲೈಯರನ್ನು 100ರಿಂದ ಭಾಗಿಸಿದ್ದೇನೆ. ಜೊತೆಗೆ ಎರಡು ಫೈಲ್ ಮರ್ಜ್ ಮಾಡಿದಾಗ (ಜೋಡಿಸಿದಾಗ) ಎಷ್ಟೋ ಮನೆಗಳು ಬಿದ್ದುಹೋಗುತ್ತಿವೆ. ಮೂರು ದಿನದಿಂದ ಇಲ್ಲೇ ನಿಂತಿದ್ದೇನೆ.

ಗುಣಾಕಾರ:

ಮೊದಲು ಮರ್ಜ್ ಸರಿ ಮಾಡಿಕೊಳ್ಳಿ, ಅದು ಸುಲಭ. ಒಂದು ಫೈಲಿನಲ್ಲಿ ಮನೆ ಸಂಖ್ಯೆ "08" ಅಂತ ಅಕ್ಷರವಾಗಿ ಬಂದು, ಇನ್ನೊಂದರಲ್ಲಿ 8 ಅಂತ ಅಂಕಿಯಾಗಿ ಬಂದಿರಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಮನೆ. ಎಲ್ಲ ಕೋಡ್ ಕಾಲಂಗಳನ್ನೂ ಅಕ್ಷರವಾಗಿಯೇ ಓದಿಸಿ. ಬರೀ ಮನೆ ಸಂಖ್ಯೆಯಿಂದಲೂ ಜೋಡಿಸಬೇಡಿ. ಎಫ್‌ಎಸ್‌ಯು (ಸಮೀಕ್ಷೆಗೆ ಆರಿಸಿದ ಹಳ್ಳಿ ಅಥವಾ ಪಟ್ಟಣದ ಬ್ಲಾಕ್), ಅದರ ಉಪವಿಭಾಗ, ಎರಡನೇ ಹಂತದ ಸ್ತರ (ಅಲ್ಲಿನ ಮನೆಗಳನ್ನು ವಿಂಗಡಿಸಿದ ಗುಂಪು), ಮನೆ ಸಂಖ್ಯೆ, ನಾಲ್ಕೂ ಸೇರಿದರೆ ಒಂದು ಮನೆಯ ಗುರುತು.

ಇನ್ನು ಸರಾಸರಿ. 100ರಿಂದ ಭಾಗಿಸಿದ್ದು ಸರಿ, ಆದರೆ ಅದು ಒಟ್ಟು ಮೊತ್ತಕ್ಕೆ ಮಾತ್ರ ಮುಖ್ಯ. ಸರಾಸರಿಯಲ್ಲಿ ಮೇಲೂ ಕೆಳಗೂ ಇರುವುದರಿಂದ ಹೊಡೆದುಹೋಗುತ್ತದೆ. ನಿಮ್ಮ ತಪ್ಪು ಬೇರೆ ಕಡೆ ಇದೆ. ನೀವು ಲೆಕ್ಕ ಹಾಕಿದ್ದು ಮನೆಗಳ ಸರಾಸರಿ, ವರದಿಯಲ್ಲಿರುವುದು ಜನರ ಸರಾಸರಿ.

ಎರಡೇ ಮನೆ ಇಟ್ಟುಕೊಂಡು ನೋಡಿ. ಒಂದರಲ್ಲಿ ಗಂಡ ಹೆಂಡತಿ ಇಬ್ಬರೇ, ತಿಂಗಳಿಗೆ 20,000 ಖರ್ಚು, ತಲೆಗೆ 10,000. ಇನ್ನೊಂದರಲ್ಲಿ ಅಜ್ಜ ಅಜ್ಜಿ ಮಕ್ಕಳು ಸೇರಿ ಆರು ಜನ, 24,000 ಖರ್ಚು, ತಲೆಗೆ 4,000. ನಿಮ್ಮ ರೀತಿಯಲ್ಲಿ 10,000 ಮತ್ತು 4,000ರ ನಡುವೆ 7,000 ಬರುತ್ತದೆ. ನಿಜವಾಗಿ ಎಂಟು ಜನ ಸೇರಿ ಖರ್ಚು ಮಾಡಿದ್ದು 44,000, ತಲೆಗೆ 5,500. ಆರು ಜನರ ಮನೆಗೂ ಇಬ್ಬರ ಮನೆಗೂ ಒಂದೇ ಬೆಲೆ ಕೊಟ್ಟರೆ ಆ ದೊಡ್ಡ ಮನೆಯ ನಾಲ್ಕು ಜನ ಲೆಕ್ಕದಿಂದಲೇ ಹೊರಗೆ ಉಳಿದ ಹಾಗೆ. ಸಾಮಾನ್ಯವಾಗಿ ಬಡ ಮನೆಗಳಲ್ಲೇ ಜನ ಜಾಸ್ತಿ, ಅದಕ್ಕೇ ಸರಾಸರಿ ಮೇಲಕ್ಕೆ ಹೋಗುತ್ತದೆ. ಹೊರಗೆ ಉಳಿಯುವವರು ಯಾರು ಅಂತ ನೋಡಿದರೆ ಇದು ಸಣ್ಣ ತಪ್ಪಲ್ಲ ಅಲ್ವಾ?

ಹೀಗೆ ಮಾಡಿ (ತೂಕ ಅಂದರೆ ಅದೇ ಮಲ್ಟಿಪ್ಲೈಯರ್):

ತಲಾ ಖರ್ಚು = (ತೂಕ × ಮನೆಯ ಖರ್ಚು) ಇವುಗಳ ಮೊತ್ತ ÷ (ತೂಕ × ಮನೆಯ ಜನ) ಇವುಗಳ ಮೊತ್ತ

ಸಾಲುಮರ:

ಮರ್ಜ್ ಸರಿಹೋಯಿತು ಸರ್, ಒಂದು ಮನೆಯೂ ಬೀಳಲಿಲ್ಲ. ಸರಾಸರಿಯೂ ತುಂಬಾ ಇಳಿಯಿತು. ಆದರೆ ವರದಿಗೆ ಇನ್ನೂ ಪೂರ್ತಿ ಕೂಡುತ್ತಿಲ್ಲ. ಮನೆಯ ಜನರ ಸಂಖ್ಯೆಗೆ ಮೊದಲ ಫೈಲಿನ ಸಂಖ್ಯೆಯನ್ನೇ ಎಲ್ಲ ಕಡೆ ಬಳಸಿದ್ದೇನೆ.

ಗುಣಾಕಾರ:

ಅಲ್ಲೇ ಇದೆ. ಈ ಸಲ ಆಹಾರ, ದಿನಬಳಕೆ ಮತ್ತು ಸೇವೆ, ಬಾಳಿಕೆ ಬರುವ ಸಾಮಾನು ಅಂತ ಮೂರು ಪ್ರಶ್ನಾವಳಿ ಮಾಡಿ, ಮೂರು ಬೇರೆ ಬೇರೆ ತಿಂಗಳಲ್ಲಿ ಅದೇ ಮನೆಗೆ ಹೋಗಿದ್ದಾರೆ. ಮೊದಲ ಸಲ ಐದು ಜನ ಇದ್ದ ಮನೆಯಲ್ಲಿ ಮಗಳು ಮದುವೆಯಾಗಿ ಹೋದರೆ ಮುಂದಿನ ತಿಂಗಳು ನಾಲ್ಕೇ ಜನ. ಅದಕ್ಕೆ ಪ್ರತಿ ಭೇಟಿಯಲ್ಲೂ ಜನರನ್ನು ಬರೆದುಕೊಂಡಿದ್ದಾರೆ. ಆಹಾರದ ಖರ್ಚನ್ನು ಆಹಾರದ ಭೇಟಿಯ ಸಂಖ್ಯೆಯಿಂದಲೇ ಭಾಗಿಸಿ, ಉಳಿದ ಎರಡನ್ನೂ ಹಾಗೇ ಮಾಡಿ, ಆಮೇಲೆ ಕೂಡಿಸಿ.

ಅವಧಿಯನ್ನೂ ಒಮ್ಮೆ ನೋಡಿ. ತರಕಾರಿ, ಹಣ್ಣು, ಮೊಟ್ಟೆ, ಮೀನು, ಮಾಂಸ, ಅಡುಗೆ ಎಣ್ಣೆ ಇವನ್ನು ಕೇಳಿದ್ದು ಹಿಂದಿನ 7 ದಿನಕ್ಕೆ. ಬಟ್ಟೆ, ಚಪ್ಪಲಿ, ಶಿಕ್ಷಣ, ಆಸ್ಪತ್ರೆಗೆ ಸೇರಿದ ಖರ್ಚು 365 ದಿನಕ್ಕೆ. ಎಲ್ಲವನ್ನೂ 30 ದಿನಕ್ಕೆ ತಂದ ಮೇಲೆ ಕೂಡಿಸಬೇಕು.

ಇನ್ನೊಂದು. ವರದಿಯಲ್ಲಿ ಎರಡು ಸರಣಿ ಇದೆ. ದೇಶದ ಹಳ್ಳಿಗಳಿಗೆ 3,773 ಅಂತಲೂ ಇದೆ, 3,860 ಅಂತಲೂ ಇದೆ. ಪುಕ್ಕಟೆ ಸಿಕ್ಕ ರೇಷನ್ ಅಕ್ಕಿ, ಮಕ್ಕಳ ಸೈಕಲ್, ಯೂನಿಫಾರ್ಮ್ ಇಂಥವಕ್ಕೆ ಬೆಲೆ ಕಟ್ಟಿ ಸೇರಿಸಿದ್ದು ಎರಡನೆಯದು. ನೀವು ಹೋಲಿಸುತ್ತಿರುವ 4,397 ಬೆಲೆ ಕಟ್ಟದ ಸರಣಿಯದು.

ಸಾಲುಮರ:

ಸರ್, ಕೂಡಿತು! ಒಂದೆರಡು ರೂಪಾಯಿ ವ್ಯತ್ಯಾಸ ಅಷ್ಟೆ. ತುಂಬಾ ಥ್ಯಾಂಕ್ಸ್. ಇದನ್ನೇ ಮನೆಯ ಆದಾಯ ಅಂತ ಬರೆಯಬಹುದಾ?

ಗುಣಾಕಾರ:

ದಯವಿಟ್ಟು ಬೇಡ. ಇದು ಖರ್ಚು. ಉಳಿಸಿದ್ದೂ ಇದರಲ್ಲಿಲ್ಲ, ಸಾಲ ಮಾಡಿ ತಿಂದದ್ದೂ ಬೇರೆಯಾಗಿ ಕಾಣುವುದಿಲ್ಲ. ಆದಾಯ ಕೇಳುವುದು ನಿಜಕ್ಕೂ ಕಷ್ಟದ ಕೆಲಸ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ, ಹಾಲಿನ ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ, ಅದರಲ್ಲಿ ಹಿಂಡಿ ಬೂಸಾ ಕಳೆಯಬೇಕು. ಯಾವ ಮನೆಯಲ್ಲಿ ಇದನ್ನೆಲ್ಲ ಬರೆದಿಟ್ಟಿರುತ್ತಾರೆ? ಹಿಂದೆ ಸರ್ಕಾರವೇ ಪ್ರಾಯೋಗಿಕವಾಗಿ ಕೇಳಿ ನೋಡಿದಾಗ, ಜನ ಹೇಳಿದ ಆದಾಯ ಅವರ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂದಿತ್ತು.

ಆದಾಯವೇ ಬೇಕು ಅಂದರೆ ಐಎಚ್‌ಡಿಎಸ್ (ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ) ನೋಡಿ. ದೆಹಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ ಮಾಡಿದ್ದು. 2004-05 ಮತ್ತು 2011-12ರ ಸುತ್ತುಗಳಲ್ಲಿ ಬೇಸಾಯ, ಕೂಲಿ, ಸಂಬಳ ಎಲ್ಲ ಬಿಡಿಬಿಡಿಯಾಗಿ ಕೇಳಿದ್ದಾರೆ. ಆದರೆ ದೇಶಕ್ಕೆಲ್ಲ ಸೇರಿ ಸುಮಾರು 42 ಸಾವಿರ ಮನೆ, ಎಚ್‌ಸಿಇಎಸ್‌ನಲ್ಲಿ 2,61,746. ಉದ್ಯೋಗದ ಸರ್ಕಾರಿ ಸಮೀಕ್ಷೆ ಪಿಎಲ್‌ಎಫ್‌ಎಸ್‌ನಲ್ಲಿ ದುಡಿಯುವವರ ಗಳಿಕೆ ಇದೆ.

ನಿಮ್ಮ ಪ್ರಾಜೆಕ್ಟ್ ಹೆಸರನ್ನು "ತಲಾ ಬಳಕೆ ಖರ್ಚು" ಅಂತ ಬದಲಿಸಿ, ಇದೇ ಡೇಟಾದಲ್ಲಿ ಮುಂದುವರಿಸಿ ಅನ್ನೋದು ನನ್ನ ಸಲಹೆ. ಮುಂದೆ ತಲಾ ಖರ್ಚಿನ ಪ್ರಕಾರ ಕಡಿಮೆಯಿಂದ ಜಾಸ್ತಿಗೆ ಹತ್ತು ಗುಂಪು ಮಾಡುವಾಗಲೂ ತೂಕ × ಜನ ಹಾಕಿಯೇ ವಿಂಗಡಿಸಿ. ಪ್ರತಿ ಗುಂಪಿನಲ್ಲಿ ಹತ್ತನೇ ಒಂದು ಪಾಲು ಜನ ಇರಬೇಕು, ಹತ್ತನೇ ಒಂದು ಪಾಲು ಮನೆ ಅಲ್ಲ. ಕೋಡ್ ಸಿಕ್ಕಿಹಾಕಿಕೊಂಡರೆ ಇಲ್ಲೇ ಹಾಕಿ, ನೋಡುತ್ತೇನೆ.